ಫ್ಯೂಸ್ ಕಿತ್ತಿಟ್ಟರೂ ಕೆ2 ಮೀಟರ್ ಮೂರನೇ ದೀಪಕ್ಕೆ ಏರುತ್ತಿದೆ, ಅದೂ ಅಟ್ಟದ ಮೆಟ್ಟಿಲ ಹತ್ತಿರ ಮಾತ್ರ

ಹೆಂಚಿನಮನೆ:

ದೆವ್ವ ಇದೆಯಾ ಅಂತ ನೋಡುವ ತಪಾಸಣೆ ಇದು. ಜಾಗ ಮಲೆನಾಡಿನ ಹಳೇ ಹೆಂಚಿನ ಮನೆ, ಮಣ್ಣಿನ ಗೋಡೆ. ಸದ್ಯ ಯಾರೂ ವಾಸವಿಲ್ಲ, ಮಾಲೀಕರ ಒಪ್ಪಿಗೆ ಇದೆ. ಕರೆಂಟ್ ಸಂಪರ್ಕ ಇನ್ನೂ ತೆಗೆಸಿಲ್ಲ, ರಾತ್ರಿ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತಿಟ್ಟು ತಪಾಸಣೆ. ಸಾಮಾನು: ಕೆ2 ಮೀಟರ್ (ಕಾಂತಕ್ಷೇತ್ರದ ಬಲವನ್ನು ಐದು ದೀಪದಲ್ಲಿ ತೋರಿಸುವಂಥದ್ದು, ಬಟನ್ ಒತ್ತಿ ಹಿಡಿಯುವ ಹಳೇ ಮಾದರಿ), ಒಂದು ಡಿಜಿಟಲ್ ವಾಯ್ಸ್ ರೆಕಾರ್ಡರ್, ಒಂದು ರೆಮ್ ಪಾಡ್ (ಆಂಟೆನಾ ಹತ್ತಿರ ಏನಾದರೂ ಬಂದರೆ ಕೂಗುವ ಡಬ್ಬಿ).

ತೊಂದರೆ ಹೀಗಿದೆ. ಅಟ್ಟಕ್ಕೆ ಹತ್ತುವ ಮೆಟ್ಟಿಲ ಪಕ್ಕದ ಗೋಡೆಯಿಂದ ಒಂದು ಗೇಣು ದೂರದಲ್ಲಿ ಕೆ2 ಮೂರನೇ ದೀಪಕ್ಕೆ ಏರಿ ಆರೇಳು ನಿಮಿಷ ಅಲ್ಲೇ ನಿಲ್ಲುತ್ತೆ. ಆಮೇಲೆ ಇಳಿಯುತ್ತೆ, ಸುಮಾರು ಕಾಲು ಗಂಟೆ ಬಿಟ್ಟು ಮತ್ತೆ ಏರುತ್ತೆ. ಒಂದು ಮಾರು ಆಚೆ ಹೋದರೆ ಏನೂ ಇಲ್ಲ. ಇದಲ್ಲದೆ ಯಾವಾಗಲೋ ಒಮ್ಮೆ ಐದೂ ದೀಪ ಒಂದು ಸೆಕೆಂಡ್ ಮಿಂಚಿ ಹೋಗುತ್ತೆ. ರಾತ್ರಿ ಒಂದು ಗಂಟೆ ದಾಟಿದ ಮೇಲೆ ರೆಮ್ ಪಾಡ್ ತಾನಾಗೇ ಕೂಗುತ್ತೆ. ರೆಕಾರ್ಡರ್‌ನಲ್ಲಿ ಹೆಣ್ಣು ದನಿ ಥರ ಎರಡು ಅಕ್ಷರ ಎಳೆದು ಹೇಳಿದ ಹಾಗೆ ಕೇಳುತ್ತೆ. ಎಲ್ಲಿಂದ ಶುರು ಮಾಡಬೇಕು?

ತಾಮ್ರತಂತಿ:

ನಾಲ್ಕನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಆರು ನಿಮಿಷ ನಿಲ್ಲುವುದಕ್ಕೂ ಒಂದು ಸೆಕೆಂಡ್ ಮಿಂಚುವುದಕ್ಕೂ ಕಾರಣ ಒಂದೇ ಆಗಿರುವುದು ಅಪರೂಪ.

ಮೊದಲು ಕೆ2 ಏನು ಹೇಳುತ್ತೆ ಅಂತ ನೋಡಿ. ಅದು ಏರಿಳಿಯುವ ಕಾಂತಕ್ಷೇತ್ರವನ್ನು ಮಾತ್ರ ಅಳೆಯುತ್ತೆ. ಮಿಲಿಗಾಸ್ ಅಂದರೆ ಆ ಕ್ಷೇತ್ರದ ಬಲದ ಅಳತೆ. ಮೊದಲ ದೀಪ ಅಂದರೆ 1.5 ಮಿಲಿಗಾಸ್‌ವರೆಗೆ, ಎರಡನೆಯದು 2.5ರವರೆಗೆ, ಮೂರನೆಯದು 10ರವರೆಗೆ, ನಾಲ್ಕನೆಯದು 20ರವರೆಗೆ, ಐದನೆಯದು ಅದರ ಮೇಲೆ. ಒಳಗಿರುವುದು ಒಂದೇ ಸುರುಳಿ, ಆದ್ದರಿಂದ ಒಂದೇ ದಿಕ್ಕು. ಹಿಡಿದ ಕೈ ತಿರುಗಿದರೂ ದೀಪ ಬದಲಾಗುತ್ತೆ. ಸ್ಟೂಲಿನ ಮೇಲಿಟ್ಟು ಮೂರು ದಿಕ್ಕಿಗೂ ತಿರುಗಿಸಿ, ಹೆಚ್ಚು ತೋರಿಸಿದ ದಿಕ್ಕಿಗೆ ಸೀಮೆಸುಣ್ಣದ ಗುರುತು ಹಾಕಿ ಅಲ್ಲೇ ಬಿಡಿ. ಹಳೇ ಮಾದರಿಯ ಬಟನ್ನಿಗೆ ನಾಣ್ಯ ಸಿಕ್ಕಿಸಿ ಬಿಡುವ ಅಭ್ಯಾಸ ಬಹಳ ಜನಕ್ಕಿದೆ. ನಾಣ್ಯ ಸಡಿಲವಾದರೂ ದೀಪ ಮಿಣುಕುತ್ತೆ, ಗಟ್ಟಿ ಟೇಪ್ ಸುತ್ತಿ.

ಈಗ ಮುಖ್ಯ ವಿಷಯ. ಫ್ಯೂಸ್ ಕಿತ್ತರೆ ಕಟ್ ಆಗುವುದು ಫೇಸ್, ಅಂದರೆ ಕರೆಂಟು ತರುವ ತಂತಿ ಮಾತ್ರ. ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ಕಂಬದಿಂದ ಮನೆಯೊಳಗಿನವರೆಗೂ ಹಾಗೇ ಇರುತ್ತೆ. ಹಳೇ ಮನೆಗಳಲ್ಲಿ ಎಲ್ಲೋ ಒಂದು ತ್ರೀ ಪಿನ್ ಸಾಕೆಟ್‌ನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ತುಂಡು ತಂತಿ ಹಾಕಿ ಜೋಡಿಸಿರುತ್ತಾರೆ. ಹಾಗಿದ್ದರೆ ಅದೇ ಲೈನಿನ ಬೇರೆ ಮನೆಗಳ ಕರೆಂಟು ಟ್ರಾನ್ಸ್‌ಫಾರ್ಮರಿಗೆ ವಾಪಸ್ ಹೋಗುವಾಗ ಸ್ವಲ್ಪ ಭಾಗ ಈ ಮನೆಯ ನ್ಯೂಟ್ರಲ್ ಹಿಡಿದು, ಆ ಜೋಡಣೆ ದಾಟಿ, ಅರ್ಥ್ ತಂತಿಯಲ್ಲಿ ಇಳಿದು ಅರ್ಥ್ ಗುಂಡಿ ಸೇರುತ್ತೆ. ಮನೆ ಕತ್ತಲೆ, ತಂತಿಯಲ್ಲಿ ಕರೆಂಟು.

ಇದು ಮೀಟರನ್ನು ಯಾಕೆ ಅಷ್ಟು ಏರಿಸುತ್ತೆ ಅಂದರೆ, ಜೋಡಿ ತಂತಿಯಲ್ಲಿ ಹೋಗುವ ಬರುವ ಕರೆಂಟು ಒಂದರ ಕ್ಷೇತ್ರವನ್ನು ಇನ್ನೊಂದು ಅಳಿಸುತ್ತೆ. ಒಂಟಿ ತಂತಿಗೆ ಆ ಅನುಕೂಲ ಇಲ್ಲ. ಲೆಕ್ಕ ಸುಲಭ: ಒಂಟಿ ತಂತಿಯಲ್ಲಿ 1 ಆಂಪಿಯರ್ ಹರಿದರೆ 1 ಮೀಟರ್ ದೂರದಲ್ಲಿ 2 ಮಿಲಿಗಾಸ್. ಅರ್ಧ ಆಂಪಿಯರ್ ಆದರೆ 20 ಸೆಂಟಿಮೀಟರ್‌ನಲ್ಲಿ 5 ಮಿಲಿಗಾಸ್, ಅಂದರೆ ನಿಮ್ಮ ಮೂರನೇ ದೀಪ. ಒಂದು ಮಾರು ದೂರಕ್ಕೆ ಅದು 0.6ಕ್ಕೂ ಕಡಿಮೆ. ನೀವು ಬರೆದದ್ದಕ್ಕೆ ಸರಿಯಾಗಿ ಕೂರುತ್ತೆ. ಆ ಗೋಡೆಯ ಆಚೆ ಬದಿಯಲ್ಲಿ ಜಿಐ ತಂತಿ (ಅರ್ಥಿಗೆ ಹಾಕುವ, ಸತು ಲೇಪಿಸಿದ ಕಬ್ಬಿಣದ ತಂತಿ) ಇಳಿದಿದೆಯಾ ನೋಡಿ.

ಆರೇಳು ನಿಮಿಷ ಓಡಿ ಕಾಲು ಗಂಟೆ ನಿಲ್ಲುವುದು ಮೋಟರಿನ ಚಾಳಿ. ನೀರು ಕಡಿಮೆ ಇರುವ ಬೋರ್‌ವೆಲ್ಲಿಗೆ ಡ್ರೈ ರನ್ ಕಟ್ (ನೀರು ಮುಗಿದರೆ ಮೋಟರ್ ನಿಲ್ಲಿಸುವ ಸ್ವಿಚ್) ಮತ್ತು ಟೈಮರ್ ಹಾಕಿದರೆ ಹೀಗೇ ಓಡುತ್ತೆ. ನೆರೆಮನೆಯಲ್ಲಿ ಸಿಂಗಲ್ ಫೇಸ್ ಪಂಪ್ ಇದೆಯಾ ವಿಚಾರಿಸಿ. ತ್ರೀ ಫೇಸ್ ಪಂಪ್‌ಸೆಟ್ ಆದರೆ ಮಾದರಿ ಬೇರೆ: ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಎತ್ತಿಕೊಂಡು ಗಂಟೆಗಟ್ಟಲೆ ಓಡುತ್ತೆ.

ಪರೀಕ್ಷೆ: ಕ್ಲಾಂಪ್ ಮೀಟರನ್ನು (ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವುದು) ಅರ್ಥ್ ತಂತಿಗೆ ಮಾತ್ರ ಹಾಕಿ. ಸೊನ್ನೆ ಇರಬೇಕು. 10 ಮಿಲಿಆಂಪಿಯರ್‌ನಷ್ಟು ಸಣ್ಣ ಕರೆಂಟನ್ನೂ ತೋರಿಸುವ ಕ್ಲಾಂಪ್ ಬೇಕು, 400 ಆಂಪಿಯರ್‌ನ ಅಗ್ಗದ್ದು ಇಲ್ಲಿ ಕುರುಡು. ಅರ್ಥ್ ತಂತಿಯನ್ನು ಕತ್ತರಿಸಿ ನೋಡುವ ಸಾಹಸ ಬೇಡವೇ ಬೇಡ. ಕರೆಂಟು ಹರಿಯುತ್ತಿರುವ ಅರ್ಥ್ ತಂತಿ ತುಂಡಾದರೆ ಎರಡು ತುದಿಯ ನಡುವೆ ವೋಲ್ಟೇಜ್ ನಿಲ್ಲುತ್ತೆ, ಲೈನಿನ ನ್ಯೂಟ್ರಲ್ ಎಲ್ಲಾದರೂ ಹರಿದಿದ್ದರೆ ಅದು ಪ್ರಾಣಕ್ಕೇ ಬರುತ್ತೆ. ಜೋಡಣೆ ಬಿಡಿಸುವುದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ.

ಐದು ದೀಪದ ಮಿಂಚು ಬಹುತೇಕ ಮೊಬೈಲು. 2ಜಿಗೆ ಇಳಿದ ಫೋನು ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಪ್ರಸಾರ ಮಾಡುತ್ತೆ, ಆ ಮಿಡಿತ ಕೆ2 ಕೇಳುವ ವ್ಯಾಪ್ತಿಯೊಳಗೇ ಇದೆ. ಮಲೆನಾಡಿನಂಥ ಕಡೆ ಸಿಗ್ನಲ್ ಕಡಿಮೆ, ಆದ್ದರಿಂದ ಫೋನು ಪೂರ್ತಿ ಶಕ್ತಿಯಲ್ಲಿ ಕೂಗುತ್ತೆ. ಸೈಲೆಂಟ್ ಸಾಲದು, ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ನಲ್ಲಿರಬೇಕು.

ಸಂಜೆಮಲ್ಲಿಗೆ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಕೆ2 ಬದಲು ಫೋನಿನಲ್ಲಿ ಕಾಂತಕ್ಷೇತ್ರ ತೋರಿಸುವ ಇಎಂಎಫ್ ಆ್ಯಪ್ ಸಾಕಾಗಲ್ವಾ?

ತಾಮ್ರತಂತಿ:

ಸಾಲದು. ಫೋನಿನಲ್ಲಿರುವುದು ದಿಕ್ಸೂಚಿಯ ಸಂವೇದಕ. ಅದು ಮುಖ್ಯವಾಗಿ ನೋಡುವುದು ಭೂಮಿಯ ನಿಂತ ಕ್ಷೇತ್ರವನ್ನು, ನಮ್ಮ ಕಡೆ ಸುಮಾರು 40 ಮೈಕ್ರೋಟೆಸ್ಲಾ, ಅಂದರೆ 400 ಮಿಲಿಗಾಸ್. ಅದರ ಮೇಲೆ 5 ಮಿಲಿಗಾಸ್ ಏರಿಳಿತ ಹುಡುಕುವುದು ಜಾತ್ರೆಯಲ್ಲಿ ಪಿಸುಮಾತು ಕೇಳಿದ ಹಾಗೆ. ಕಬ್ಬಿಣದ ಮಂಚ, ಸ್ಪೀಕರ್, ಕಿಟಕಿ ಸರಳು ಎಲ್ಲಕ್ಕೂ ಕುಣಿಯುತ್ತೆ.

ಖರ್ಚು ಮಾಡುವುದಾದರೆ ಅಂಕಿ ತೋರಿಸುವ, ಮೂರು ದಿಕ್ಕೂ ಅಳೆಯುವ ಮೀಟರ್ ತಗೊಳ್ಳಿ, ಟ್ರೈಫೀಲ್ಡ್ ಟಿಎಫ್2 ಥರದ್ದು. ಅಂಕಿ ಇದ್ದರೆ ದೂರದ ಪರೀಕ್ಷೆ ಮಾಡಬಹುದು: ದೂರ ಎರಡರಷ್ಟಾದಾಗ ಓದು ಅರ್ಧಕ್ಕಿಳಿದರೆ ಒಂಟಿ ತಂತಿ, ಕಾಲು ಭಾಗಕ್ಕಿಳಿದರೆ ಜೋಡಿ ತಂತಿ, ಎಂಟನೇ ಒಂದಕ್ಕಿಳಿದರೆ ಟ್ರಾನ್ಸ್‌ಫಾರ್ಮರ್ ಅಥವಾ ಮೋಟರ್. ಐದು ದೀಪದಲ್ಲಿ ಇದು ಆಗದು.

ದನಿಜಾಡು:

ರೆಕಾರ್ಡರ್ ಬಗ್ಗೆ. ಯಾವ ಸೆಟ್ಟಿಂಗ್ ಅಂತ ಬರೆದಿಲ್ಲ, ಹಾಗಾಗಿ ಕೊಂಡಾಗ ಇದ್ದ ಸೆಟ್ಟಿಂಗೇ ಇರಬೇಕು ಅಂತ ಹಿಡಿದುಕೊಳ್ಳುತ್ತೇನೆ. ವಾಯ್ಸ್ ರೆಕಾರ್ಡರುಗಳು ಮೀಟಿಂಗಿಗೆ ಮಾಡಿದವು. ಸದ್ದು ಕಡಿಮೆಯಾದರೆ ಆಟೋ ಗೇನ್ ತಾನಾಗಿ ಏರಿ, ದೂರದ್ದನ್ನೆಲ್ಲ ಹತ್ತಿರ ಎಳೆದು ತರುತ್ತೆ. ವಾಯ್ಸ್ ಆಕ್ಟಿವೇಶನ್ ಆನ್ ಇದ್ದರೆ ಮಾತಿನ ಮೊದಲ ತುಣುಕು ನುಂಗಿಹೋಗುತ್ತೆ, ಉಳಿದ ಬಾಲ ಕೇಳಿದರೆ ಅದು ಬೇರೆಯೇ ಪದ. ಕಡಿಮೆ ಬಿಟ್‌ರೇಟಿನ ಎಂಪಿ3 ಗುಸುಗುಸುವನ್ನು ಗುಳುಗುಳು ಮಾಡುತ್ತೆ.

ಹೀಗೆ ಇಡಿ: ವೇವ್ ಕಡತ, 48 ಕಿಲೋಹರ್ಟ್ಸ್, 16 ಅಥವಾ 24 ಬಿಟ್. ವಾಯ್ಸ್ ಆಕ್ಟಿವೇಶನ್, ನಾಯ್ಸ್ ಕಟ್ ಎರಡೂ ಆಫ್. ಗೇನ್ ಮ್ಯಾನ್ಯುಯಲ್, 1 ಮೀಟರ್ ದೂರದ ಮಾಮೂಲಿ ಮಾತು ಮೈನಸ್ 20ರಿಂದ ಮೈನಸ್ 12 ಡೆಸಿಬೆಲ್ ನಡುವೆ ಬರುವಂತೆ ಇಟ್ಟು ರಾತ್ರಿಯಿಡೀ ಮುಟ್ಟಬೇಡಿ. ಕೈಯಲ್ಲಿ ಹಿಡಿಯಬೇಡಿ, ನಾಲ್ಕು ಮಡಿಕೆ ಪಂಚೆಯ ಮೇಲಿಡಿ. ಯಾರಾದರೂ ಕೆಮ್ಮಿದರೆ, ಹೊಟ್ಟೆ ಗುರುಗುಟ್ಟಿದರೆ ಆ ಕ್ಷಣವೇ ಜೋರಾಗಿ ಹೇಳಿ. ನಾಳೆ ಅದು ಯಾರಿಗೂ ನೆನಪಿರುವುದಿಲ್ಲ.

ಒಂದು ರೆಕಾರ್ಡರ್ ಇದ್ದರೆ ವಾದ ಮುಗಿಯುವುದೇ ಇಲ್ಲ. ಎರಡು ಬೇಕು, ಒಂದು ಒಳಗೆ, ಒಂದು ಅಂಗಳದಾಚೆ. ಎರಡನ್ನೂ ಪಕ್ಕಪಕ್ಕ ಇಟ್ಟು ಆನ್ ಮಾಡಿ ಒಂದು ಚಪ್ಪಾಳೆ, ಆಮೇಲೆ ಅವುಗಳ ಜಾಗಕ್ಕೆ ಒಯ್ಯಿರಿ. ಕೊನೆಯಲ್ಲಿ ಆಫ್ ಮಾಡದೆ ವಾಪಸ್ ತಂದು ಇನ್ನೊಂದು ಚಪ್ಪಾಳೆ. ಎರಡನೇ ಚಪ್ಪಾಳೆ ಯಾಕೆ ಅಂದರೆ ಎರಡರ ಗಡಿಯಾರವೂ ಒಂದೇ ಓಟ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50 ಪಾಲು ವ್ಯತ್ಯಾಸ ಇದ್ದರೂ ಗಂಟೆಗೆ 180 ಮಿಲಿಸೆಕೆಂಡ್ ಜಾರುತ್ತೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುವುದರಿಂದ, ಆ ಜಾರಿಕೆಯನ್ನು ಲೆಕ್ಕದಿಂದ ಕಳೆಯದಿದ್ದರೆ ಸದ್ದು ಯಾವುದಕ್ಕೆ ಮೊದಲು ತಲುಪಿತು, ಯಾವ ದಿಕ್ಕಿನಿಂದ ಬಂತು ಅಂತ ಹೇಳಲು ಬರುವುದಿಲ್ಲ.

ನಾಯ್ಸ್ ರಿಡಕ್ಷನ್ 24 ಡೆಸಿಬೆಲ್ ಎಳೆದು ಕೇಳಬೇಡಿ, ಉಳಿದ ಚೂರುಗಳೇ ಮಾತಿನಂತೆ ಕೇಳುತ್ತವೆ. 6 ಸಾಕು. ಮತ್ತೆ ಕ್ಲಿಪ್ ಹಂಚುವಾಗ ‘ಇದು ಹೀಗೆ ಹೇಳುತ್ತೆ’ ಅಂತ ಬರೆಯಲೇಬೇಡಿ. ಒಮ್ಮೆ ಓದಿದ ಕಿವಿಗೆ ಅದೇ ಕೇಳುತ್ತೆ. ಮೂವರಿಗೆ ಬೇರೆ ಬೇರೆಯಾಗಿ ಕೊಟ್ಟು ಬರೆಸಿಕೊಳ್ಳಿ.

ಅಟ್ಟದ ಹೆಜ್ಜೆ ಸಪ್ಪಳ ನೀವು ಹೇಳಿಲ್ಲ, ಆದರೂ ಮುಂದೆ ಬರುತ್ತೆ: ಮೊದಲು ಕಬ್ಬೆಕ್ಕಿನ (ಪುನುಗಿನ ಜಾತಿಯ ಪ್ರಾಣಿ) ಹಿಕ್ಕೆ ಹುಡುಕಿ.

ತಾಮ್ರತಂತಿ:

ರೆಮ್ ಪಾಡ್ ಉಳಿಯಿತು. ಅದು ಆಂಟೆನಾ ಸುತ್ತ ತನ್ನದೇ ಸಣ್ಣ ಕ್ಷೇತ್ರ ಹಬ್ಬಿಸಿ, ಅದು ಕದಡಿದಾಗ ಕೂಗುತ್ತೆ. ಮುಟ್ಟದೆ ಕೈಯಾಡಿಸಿ ನುಡಿಸುವ ಥೆರೆಮಿನ್ ವಾದ್ಯದ ತತ್ವವೇ. ನಡುರಾತ್ರಿ ತೇವ ಏರಿ ಆಂಟೆನಾ ಬುಡ ಒದ್ದೆಯಾದರೆ, ತಂಪಿಗೆ ಒಳಗಿನ ಬಿಡಿಭಾಗಗಳ ಗುಣ ತುಸು ಬದಲಾದರೆ, ಬ್ಯಾಟರಿ ಇಳಿದರೆ ತಾನಾಗೇ ಕೂಗುತ್ತೆ. ಹೊಸ ಆಲ್ಕಲೈನ್ ಬ್ಯಾಟರಿ ಹಾಕಿ, ಒಣ ಮರದ ಸ್ಟೂಲಿನ ಮೇಲಿಡಿ, ಕಾವಿ ನೆಲ ಬೇಡ. ಆನ್ ಮಾಡಿ 20 ನಿಮಿಷ ಅಲ್ಲಿನ ಹವೆಗೆ ಹೊಂದಲು ಬಿಡಿ. ಪ್ರತಿ ಗಂಟೆಗೆ ಬುಡ ಒಣಬಟ್ಟೆಯಲ್ಲಿ ಒರೆಸಿ ಆಫ್ ಮಾಡಿ ಆನ್ ಮಾಡಿ. ಎರಡು ಮೀಟರ್ ದೂರದಲ್ಲಿ ವಾಕಿಟಾಕಿ ಒತ್ತಿ ನೋಡಿ, ಅದಕ್ಕೂ ಕೂಗಿದರೆ ಆ ರಾತ್ರಿ ವಾಕಿಟಾಕಿ ಬ್ಯಾಗಿನೊಳಗೇ ಇರಲಿ. ಪಕ್ಕದಲ್ಲಿ ತೇವಮಾಪಕ ಇಟ್ಟು ಕೂಗಿದ ಹೊತ್ತು, ಆಗಿನ ತೇವ ಎರಡನ್ನೂ ಬರೆಯಿರಿ.

ದೆವ್ವದ ತಪಾಸಣೆಗೆ ಹೆಸರಾದ ಹ್ಯಾರಿ ಪ್ರೈಸ್ 1937ರಲ್ಲಿ ದೆವ್ವದ ಮನೆ ಅನ್ನಿಸಿಕೊಂಡಿದ್ದ ಇಂಗ್ಲೆಂಡಿನ ಬೋರ್ಲಿ ರೆಕ್ಟರಿಯನ್ನು (ಪಾದ್ರಿಮನೆ) ವರ್ಷದ ಮಟ್ಟಿಗೆ ಬಾಡಿಗೆ ಹಿಡಿದಾಗ ಕೆಲಸಕ್ಕೆ ಬಂದದ್ದು ಥರ್ಮಾಮೀಟರ್, ಅಳತೆ ಪಟ್ಟಿ, ಸಾಮಾನಿನ ಸುತ್ತ ಗೆರೆ ಎಳೆಯುವ ಸೀಮೆಸುಣ್ಣ. ದೀಪ ಮಿಣುಕುವ ಡಬ್ಬಿಗಳು ಬಂದಮೇಲೆ ಸೀಮೆಸುಣ್ಣ ಮರೆತದ್ದು ನಷ್ಟವೇ.

ಸಂಜೆಮಲ್ಲಿಗೆ:

ದೆವ್ವದ ಮಾತು ಕೇಳಲು ಅಂತ ರೇಡಿಯೋ ಸ್ಟೇಷನ್‌ಗಳನ್ನು ಸರಸರ ಬದಲಿಸುತ್ತಾ ಹೋಗುವ ಸ್ಪಿರಿಟ್ ಬಾಕ್ಸ್ ಬಗ್ಗೆಯೂ ಹೇಳಿಬಿಡಿ. ಬೆಂಗಳೂರಿನಲ್ಲಿ ಎಫ್‌ಎಂ ಸ್ವೀಪ್ ಹೆಜ್ಜೆಗೆ 200 ಮಿಲಿಸೆಕೆಂಡ್ ಇಟ್ಟರೆ ‘ಬನ್ನಿ’, ‘ಇಲ್ಲ’ ಅಂತ ಪೂರ್ತಿ ಕನ್ನಡ ಪದಗಳೇ ಬರುತ್ತವೆ. 200 ಮಿಲಿಸೆಕೆಂಡಿನಲ್ಲಿ ಸ್ಟೇಷನ್ ಒಂದು ಪದ ಮುಗಿಸಲು ಆಗಲ್ಲ ಅಂತ ಹೇಳ್ತಾರಲ್ಲ?

ದನಿಜಾಡು:

ಆ ಮಾತು ಊರಾಚೆಗೆ ಸರಿ, ಬೆಂಗಳೂರಿಗಲ್ಲ. ಬಲವಾದ ಸ್ಟೇಷನ್ ತನ್ನ ಅಂಕಿಯ ಮೇಲೆ ಮಾತ್ರ ಕೇಳುವುದಿಲ್ಲ, ಅಕ್ಕಪಕ್ಕದ ಹೆಜ್ಜೆಗೂ ಸೋರುತ್ತೆ. 101.3 ಸ್ಟೇಷನ್ 101.2ರಲ್ಲೂ 101.4ರಲ್ಲೂ ಕೇಳಿದರೆ ಮೂರು ಹೆಜ್ಜೆ, ಒಟ್ಟು 600 ಮಿಲಿಸೆಕೆಂಡ್. ‘ಬನ್ನಿ’ಗೆ ಧಾರಾಳ. 88ರಿಂದ 108ರವರೆಗೆ 0.1ರ ಹೆಜ್ಜೆಯಲ್ಲಿ 200 ನಿಲುಗಡೆ, ಒಂದು ಸುತ್ತಿಗೆ 40 ಸೆಕೆಂಡ್. ಪದಗಳು ಹೆಚ್ಚುಕಡಿಮೆ ಅದೇ 40 ಸೆಕೆಂಡಿಗೊಮ್ಮೆ ಬರುತ್ತಿದ್ದರೆ ಯಾವ ಸ್ಟೇಷನ್ ಅಂತ ಹುಡುಕುವುದು ಕಷ್ಟವಲ್ಲ.

ಆಂಟೆನಾ ಕಿತ್ತರೆ ಸಾಲದು, ಇಯರ್‌ಫೋನ್ ತಂತಿಯೇ ಆಂಟೆನಾ ಆಗುತ್ತೆ. ಬಿಗಿ ಮುಚ್ಚಳದ ತಗಡಿನ ಬಿಸ್ಕೆಟ್ ಡಬ್ಬಿಯೊಳಗೆ ಬಾಕ್ಸ್ ಜೊತೆ ರೆಕಾರ್ಡರನ್ನೂ ಇಟ್ಟು ಮುಚ್ಚಿ. ಮುಚ್ಚಳದ ಅಂಚಿನ ಬಣ್ಣ ಉಜ್ಜಿ ತೆಗೆದು ಲೋಹಕ್ಕೆ ಲೋಹ ತಾಗುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಪದಗಳು ಡಬ್ಬಿಯೊಳಗೆ ನಿಂತುಹೋದರೆ ಅವು ರೇಡಿಯೋದವು.

ಹೆಂಚಿನಮನೆ:

ಫಲಿತಾಂಶ. ಮೆಟ್ಟಿಲ ಗೋಡೆಯ ಆಚೆ ಜಿಐ ತಂತಿ ಇದೆ. ಕ್ಲಾಂಪ್‌ನಲ್ಲಿ 0.46 ಆಂಪಿಯರ್, ಆರೂವರೆ ನಿಮಿಷ, ಆಮೇಲೆ ಬಹುತೇಕ ಸೊನ್ನೆ. ನೆರೆಮನೆಯ ಬೋರ್‌ವೆಲ್ಲಿಗೆ ಸಿಂಗಲ್ ಫೇಸ್ ಮೋಟರು, ಟೈಮರ್ 15 ನಿಮಿಷ. ಅಡುಗೆಮನೆ ಸಾಕೆಟ್‌ನಲ್ಲಿ ನ್ಯೂಟ್ರಲ್–ಅರ್ಥ್ ಜೋಡಣೆ ಸಿಕ್ಕಿತು, ವೈರ್‌ಮನ್ ಬಿಡಿಸಿದ ಮೇಲೆ ಮೋಟರ್ ಓಡಿದರೂ ಕೆ2 ಮೊದಲ ದೀಪ ದಾಟಿಲ್ಲ. ಫೋನುಗಳು ಏರೋಪ್ಲೇನ್ ಮೋಡ್‌ನಲ್ಲಿದ್ದ ಎರಡು ರಾತ್ರಿ ಐದು ದೀಪದ ಮಿಂಚೂ ಇಲ್ಲ. ರೆಮ್ ಪಾಡ್ ಸ್ಟೂಲಿನ ಮೇಲೆ ಮೂರೂವರೆ ತನಕ ಸುಮ್ಮನಿತ್ತು, ಆಮೇಲೆ ಒಮ್ಮೆ ಕೂಗಿತು, ತೇವ ಶೇ. 94.

ದನಿ ಮಾತ್ರ ಮತ್ತೆ ಬಂದಿದೆ. ಎರಡು ರೆಕಾರ್ಡರ್ ನಡುವೆ 40 ಮೀಟರ್, ಹೊರಗಿನದು ಗದ್ದೆಯ ಕಡೆ. ಚಪ್ಪಾಳೆಯ ಜಾರಿಕೆ ಕಳೆದ ಮೇಲೆ ಹೊರಗಿನದರಲ್ಲಿ 110 ಮಿಲಿಸೆಕೆಂಡ್ ಮುಂಚೆ ಕೇಳುತ್ತೆ.

ದನಿಜಾಡು:

40 ಮೀಟರಿಗೆ ಹೆಚ್ಚೆಂದರೆ 117 ಮಿಲಿಸೆಕೆಂಡ್ ಬರಬೇಕು. 110 ಅಂದರೆ ಸದ್ದು ಒಳಗಿನದಲ್ಲ, ಹೊರಗಿನಿಂದ ಒಳಗೆ ಬಂದದ್ದು. ಒಳಗಿನ ರೆಕಾರ್ಡರಿನಿಂದ ಹೊರಗಿನದಕ್ಕೆ ಗೆರೆ ಎಳೆದು, ಅದರ ಎಡಕ್ಕೂ ಬಲಕ್ಕೂ ಸುಮಾರು 20 ಡಿಗ್ರಿ ಗುರುತು ಮಾಡಿ ನಕ್ಷೆಯಲ್ಲಿ ನೋಡಿ. ಆ ಎರಡು ಗೆರೆಗಳ ಮೇಲೆ ಏನಿದೆ? ಎರಡು ಮೂರು ಕಿಲೋಮೀಟರ್ ಆದರೂ ಪರವಾಗಿಲ್ಲ, ತಂಪು ರಾತ್ರಿ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ತಣ್ಣಗಿದ್ದು ಸದ್ದು ಕೆಳಗೇ ಬಾಗಿ ಬರುತ್ತೆ.

ಹೆಂಚಿನಮನೆ:

ಬಲಗಡೆ ಗೆರೆ ಬರೀ ಕಾಡು. ಎಡಗಡೆಯದು ದೇವಸ್ಥಾನದ ಬಯಲಿನ ಮೇಲೆ ಹಾಯುತ್ತೆ, ಎರಡು ಕಿಲೋಮೀಟರ್ ಚಿಲ್ಲರೆ. ವಿಚಾರಿಸಿದೆ, ಎರಡೂ ರಾತ್ರಿ ಅಲ್ಲಿ ಯಕ್ಷಗಾನ ಮೇಳದ ಆಟ ಇತ್ತು.

ದನಿಜಾಡು:

ಭಾಗವತರ ಏರುದನಿ ಹೆಣ್ಣು ದನಿಯಂತೆ ಕೇಳುವುದು ಸಹಜ, ರೆಕಾರ್ಡರಿನಲ್ಲಿ ಲೋ ಕಟ್ (ತಗ್ಗು ಸದ್ದು ಕತ್ತರಿಸುವ ಸೆಟ್ಟಿಂಗ್) ಇದ್ದರೆ ಅದನ್ನೂ ಆಫ್ ಮಾಡಿ. ಆಟ ಇಲ್ಲದ ರಾತ್ರಿ ಅದೇ ಜಾಗ, ಅದೇ ಗೇನ್ ಇಟ್ಟು ಇನ್ನೊಮ್ಮೆ ರೆಕಾರ್ಡ್ ಮಾಡಿ. ಮೂಲ ವೇವ್ ಕಡತವನ್ನೇ ಹಾಕಿ, ವಾಟ್ಸ್ಆ್ಯಪ್ ಮೂಲಕ ಬಂದದ್ದು ಬೇಡ.