ಡಿಸ್‌ಪ್ಲೇ ಒಡೆದರೆ ಫೋನ್ ಯಾವಾಗ ಕೈಗೆ ಬರುತ್ತೆ? ರಿಪೇರಿಯವರ ಜೊತೆ ಪ್ರಶ್ನೋತ್ತರ

ರಿಪೇರಿಯವರು: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು 14 ವರ್ಷ ಆಯಿತು. ಬಂದವರು ಮೊದಲು ಕೇಳುವುದು ‘ಎಷ್ಟು ಹೊತ್ತಾಗುತ್ತೆ’ ಅಂತಲೇ. ಇವತ್ತು ಅಂಗಡಿಗೆ ರಜೆ. ಡಿಸ್‌ಪ್ಲೇ ವಿಷಯ ಏನಿದ್ದರೂ ಕೇಳಿ. ಮಾಡೆಲ್ ಹೆಸರು, ಫೋಟೊ ಹಾಕಿದರೆ ಒಳ್ಳೆಯದು.

ಹಾಸನದ ಸದಸ್ಯ: ಸರ್, ಗ್ಲಾಸ್ ಬಿರುಕು ಬಿಟ್ಟಿದೆ, ಟಚ್ ಸರಿ ಇದೆ. ಒಂದು ಅಂಗಡಿಯಲ್ಲಿ ಮುಕ್ಕಾಲು ಗಂಟೆ ಅಂದರು, ಇನ್ನೊಂದರಲ್ಲಿ ನಾಳೆ ಸಂಜೆ ಬನ್ನಿ ಅಂದರು. ಯಾರನ್ನು ನಂಬಲಿ?

ರಿಪೇರಿಯವರು: ಇಬ್ಬರೂ ನಿಜವನ್ನೇ ಹೇಳಿರಬಹುದು. ಅವು ಎರಡು ಬೇರೆ ಬೇರೆ ಕೆಲಸ. ಮುಕ್ಕಾಲು ಗಂಟೆ ಅಂದವರು ಕಾಂಬೋ ಹಾಕುತ್ತಾರೆ. ಗ್ಲಾಸ್, ಟಚ್, ಡಿಸ್‌ಪ್ಲೇ ಮೂರೂ ಒಟ್ಟಿಗೆ ಅಂಟಿರುವ ತುಂಡು ಅದು. ಹಳೆಯದನ್ನು ಬಿಸಿ ಮಾಡಿ ಬಿಡಿಸುವುದು, ಫ್ರೇಮಿನಲ್ಲಿ ಉಳಿದ ಚೂರು ಮತ್ತು ಅಂಟು ಕೆರೆಯುವುದು, ಹೊಸದನ್ನು ಕೂರಿಸುವುದು. ನಾಳೆ ಅಂದವರು ಬರೀ ಗ್ಲಾಸ್ ಬದಲಿಸುತ್ತಾರೆ. ಒಡೆದ ಗ್ಲಾಸನ್ನು ಡಿಸ್‌ಪ್ಲೇಗೆ ಪೆಟ್ಟಾಗದಂತೆ ತೆಳು ತಂತಿಯಿಂದ ಕುಯ್ದು ತೆಗೆಯಬೇಕು. ಓಸಿಎ ಅನ್ನುವ ಪಾರದರ್ಶಕ ಅಂಟಿನ ಹಾಳೆ ಇಟ್ಟು ಹೊಸ ಗ್ಲಾಸ್ ಒತ್ತಬೇಕು. ಆಮೇಲೆ ಗುಳ್ಳೆ ತೆಗೆಯುವ ಮೆಷಿನ್ನಿಗೆ ಹಾಕಬೇಕು. ನಿಮ್ಮ ಡಿಸ್‌ಪ್ಲೇ ಒರಿಜಿನಲ್ ಆಗಿದ್ದರೆ ಒಂದು ದಿನ ಕಾದು ಗ್ಲಾಸ್ ಮಾತ್ರ ಹಾಕಿಸಿ. ಆದರೆ ತೆಗೆಯುವಾಗ ಡಿಸ್‌ಪ್ಲೇ ಹೋಗುವ ಅಪಾಯ ಇದ್ದೇ ಇರುತ್ತೆ. ಹೋದರೆ ಯಾರ ಹೊಣೆ ಅಂತ ಫೋನ್ ಕೊಡುವ ಮುಂಚೆಯೇ ಮಾತಾಡಿಕೊಳ್ಳಿ.

ದಾವಣಗೆರೆಯ ಸದಸ್ಯ: ಸ್ಕ್ರೀನ್ ಹಾಕಲು ಎಷ್ಟು ಹೊತ್ತು ಬೇಕು ಸರ್?

ರಿಪೇರಿಯವರು: ಮೇಲೆ ಬರೆದಿದ್ದೇನೆ, ಓದಿ.

ತುಮಕೂರಿನ ಸದಸ್ಯೆ: ಬಿರುಕಿಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೋಗುತ್ತೆ ಅಂತ ನಮ್ಮ ಗುಂಪಿನಲ್ಲಿ ವಿಡಿಯೊ ಬಂದಿತ್ತು. ನಿಜವಾ?

ರಿಪೇರಿಯವರು: ಇಲ್ಲ ಮೇಡಂ. ಒಡೆದ ಗ್ಲಾಸ್ ಪೇಸ್ಟಿನಿಂದ ಕೂಡಿಕೊಳ್ಳಲ್ಲ. ಆ ಪೇಸ್ಟು ಬಿರುಕಿನೊಳಗೆ, ಸ್ಪೀಕರ್ ಜಾಲರಿಯೊಳಗೆ ಕೂತುಬಿಡುತ್ತೆ. ಅದನ್ನು ತೆಗೆಯೋಕೆ ನನಗೆ ಇನ್ನೂ 20 ನಿಮಿಷ ಜಾಸ್ತಿ ಬೇಕು.

ಬೆಂಗಳೂರಿನ ಸದಸ್ಯ: ಇಲ್ಲಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ, ಅರ್ಧ ರೇಟಿಗೆ ಕಾಂಬೋ ಸಿಗುತ್ತೆ. ಸರ್ವಿಸ್ ಸೆಂಟರಿನಲ್ಲಿ ಸುಮ್ನೆ ದುಡ್ಡು ಕೀಳ್ತಾರೆ.

ಮೈಸೂರಿನ ಸದಸ್ಯ: ಹಂಗೆ ಹಾಕಿಸಿದ್ದಕ್ಕೇ ನನ್ನ ಫಿಂಗರ್‌ಪ್ರಿಂಟ್ ಹೋಯ್ತು. ಈಗ ದುಡ್ಡು ಕಳಿಸೋಕೂ ಪ್ರತಿ ಸಲ ಪಿನ್ ಒತ್ತಬೇಕು.

ಬೆಂಗಳೂರಿನ ಸದಸ್ಯ: ಅದು ಅಂಗಡಿಯವನ ತಪ್ಪು. ಇಡೀ ಬೀದಿಯವರನ್ನೆಲ್ಲ ಬೈಯಬೇಡಿ.

ಮೈಸೂರಿನ ಸದಸ್ಯ: ನಾನು ಯಾರನ್ನು ಬೈದೆ? ನನಗೆ ಆಗಿದ್ದನ್ನು ಹೇಳಿದೆ ಅಷ್ಟೆ.

ರಿಪೇರಿಯವರು: ನಿಮ್ಮದು ಅಮೋಲೆಡ್ ಫೋನ್ ಇರಬೇಕು, ಅಂದರೆ ಓಲೆಡ್ ಜಾತಿಯ ಪರದೆ. ಪರದೆಯ ಕೆಳಗಿನ ಸೆನ್ಸರ್ ಬೆರಳನ್ನು ನೋಡುವುದು ಪರದೆಯ ಮೂಲಕ ಹಾದು ಬರುವ ಬೆಳಕಿನಿಂದ. ಅಲ್ಲಿ ಅಗ್ಗದ ಎಲ್‌ಸಿಡಿ ಕಾಂಬೋ ಹಾಕಿದರೆ ಅದರ ಹಿಂದಿನ ಪದರ ಬೆಳಕಿಗೆ ಅಡ್ಡ ಆಗುತ್ತೆ. ಆಗ ಸೆನ್ಸರ್ ಸರಿ ಇದ್ದರೂ ಕೆಲಸ ಮಾಡಲ್ಲ. ಹಾಕಿಸುವ ಮುಂಚೆ ‘ಇದು ಎಲ್‌ಸಿಡಿಯಾ, ಓಲೆಡ್ಡಾ’ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಐಫೋನ್ 11 ಮತ್ತು ಆಮೇಲಿನವುಗಳಲ್ಲಿ ಬೇರೆ ಡಿಸ್‌ಪ್ಲೇ ಹಾಕಿದರೆ ಫೋನೇ ಹೇಳುತ್ತೆ. ಉಳಿದವುಗಳಲ್ಲಿ ಬಿಲ್ಲೇ ಗತಿ.

ಹುಬ್ಬಳ್ಳಿಯ ಸದಸ್ಯ: ನನ್ನದು ಮಡಚೋ ಫೋನ್ ರೀ. ನಡುವೆ ಗೆರೆ ಬಂದೈತಿ. ಎಷ್ಟು ದಿನ ಆಗ್ತದ?

ಶಿರಸಿಯ ಸದಸ್ಯೆ: ಅಣ್ಣಾ, ಹೋದ ವಾರ ಮಗನ ಕೈಯಿಂದ ಫೋನ್ ಮೆಟ್ಟಿಲಿನ ಮೇಲೆ ಬಿತ್ತು. ಗ್ಲಾಸ್ ಒಡೆದಿರಲಿಲ್ಲ. ಮೂರು ದಿನದಿಂದ ಪರದೆ ಒಂದು ಅಂಚಿನಲ್ಲಿ ಮೇಲೆದ್ದಿದೆ. ಸಂದಿಯಲ್ಲಿ ಉಗುರು ಹೋಗುತ್ತೆ. ಅಂಟು ಬಿಟ್ಟಿದೆ ಅಂದುಕೊಂಡು ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ರಾತ್ರಿ ಮಗ ದಿಂಬಿನ ಹತ್ತಿರ ಚಾರ್ಜಿಗೆ ಹಾಕಿಕೊಂಡು ಮಲಗುತ್ತಾನೆ. ಇದನ್ನು ಅಂಟಿಸೋಕೆ ಎಷ್ಟು ಹೊತ್ತು?

ರಿಪೇರಿಯವರು: ಅಕ್ಕಾ, ಈಗಲೇ ಚಾರ್ಜರ್ ತೆಗೆಯಿರಿ. ರಬ್ಬರ್ ಬ್ಯಾಂಡ್ ಮೆಲ್ಲಗೆ ಬಿಚ್ಚಿ. ಫೋನ್ ಆಫ್ ಮಾಡಿ. ಮಿಕ್ಕಿದ್ದು ಆಮೇಲೆ ಓದಿ.

ಇದು ಬರೀ ಅಂಟು ಬಿಟ್ಟಿದ್ದಲ್ಲ ಅನ್ನಿಸುತ್ತೆ. ಬ್ಯಾಟರಿ ಉಬ್ಬಿದೆ. ಫೋನಿನ ಬ್ಯಾಟರಿ ಒಂದು ಮುಚ್ಚಿದ ತೆಳು ಚೀಲ. ಪೆಟ್ಟು ಬಿದ್ದರೆ, ತುಂಬಾ ಬಿಸಿಯಾದರೆ, ಹಳೆಯದಾದರೆ ಅದರೊಳಗಿನ ದ್ರವ ಕೆಟ್ಟು ಗ್ಯಾಸ್ ಆಗುತ್ತೆ. ಗ್ಯಾಸಿಗೆ ಹೊರಗೆ ಹೋಗೋಕೆ ದಾರಿ ಇಲ್ಲ. ಹಾಗಾಗಿ ಚೀಲ ಉಬ್ಬಿ ಪರದೆಯನ್ನು ಮೇಲಕ್ಕೆ ತಳ್ಳುತ್ತೆ. ನೀವು ಮೇಲಿನಿಂದ ಒತ್ತಿ ಕಟ್ಟಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು. ಆಗ ಹೊಗೆ, ಬೆಂಕಿ. ಮಗು ಮಲಗುವ ಜಾಗದಲ್ಲಿ ಇದು ಇರಲೇಬಾರದು.

ಹಾಸಿಗೆ, ಪೇಪರ್, ಗ್ಯಾಸ್ ಸಿಲಿಂಡರ್ ಹತ್ತಿರ ಇಲ್ಲದ ಕಡೆ, ಕಲ್ಲಿನ ನೆಲದ ಮೇಲೆ ಇಡಿ. ನೆರಳಿರಲಿ, ಗಾಳಿಯಾಡಲಿ. ಚಾರ್ಜ್ ಖಾಲಿಯಾಗಲಿ ಅಂತ ವಿಡಿಯೊ ಹಾಕಿ ಬಿಡಬೇಡಿ. ಫೋಟೊ ಕಾಪಿ ಮಾಡೋಕೆ ಅಂತ ಮತ್ತೆ ಆನ್ ಮಾಡಬೇಡಿ. ಬ್ಯಾಟರಿ ಬದಲಿಸಿದ ಮೇಲೂ ನಿಮ್ಮ ಫೋಟೊ ಎಲ್ಲ ಹಾಗೇ ಇರುತ್ತೆ. ಬಿಸಿ ಆಗುತ್ತಿದ್ದರೆ, ಸಿಹಿಸಿಹಿ ಕೆಮಿಕಲ್ ವಾಸನೆ ಬಂದರೆ ಎತ್ತಲು ಹೋಗಬೇಡಿ. ಮಗನನ್ನು ಕರೆದುಕೊಂಡು ಹೊರಗೆ ಬಂದು 112ಕ್ಕೆ ಫೋನ್ ಮಾಡಿ. ಈಗ ಮುಟ್ಟಿದರೆ ಹೇಗಿದೆ, ಬಿಸಿನಾ, ತಣ್ಣಗಿದೆಯಾ? ಹೇಳಿ, ಕಾಯುತ್ತಿದ್ದೇನೆ.

ರಾಯಚೂರಿನ ಸದಸ್ಯ: ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಿ ಗಾಳಿ ಬಿಟ್ಟರೆ ಮತ್ತೆ ಸರಿಯಾಗುತ್ತೆ. ನನಗೆ ಫಾರ್ವರ್ಡ್ ಬಂದಿದ್ದು. ಇಲ್ಲಾಂದ್ರೆ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ.

ರಿಪೇರಿಯವರು: ಅಡ್ಮಿನ್, ಈ ಮೆಸೇಜ್ ಈಗಲೇ ತೆಗೆಯಿರಿ. ಅಕ್ಕಾ, ದಯವಿಟ್ಟು ಇದನ್ನು ಮಾಡಬೇಡಿ. ಚುಚ್ಚಿದರೆ ಕೈಯಲ್ಲೇ ಹೊತ್ತಿಕೊಳ್ಳಬಹುದು. ಫ್ರೀಜರಿನಲ್ಲಿಟ್ಟರೆ ಒಳಗೆ ನೀರಿನ ಹನಿ ಕೂರುತ್ತೆ. ಒಂದು ಮನೆಯಲ್ಲಿ ಮಗು ಇದೆ ಅಂತ ಓದಿದ ಮೇಲೂ ಇದನ್ನು ಹಾಕೋದಾ ನೀವು?

ರಾಯಚೂರಿನ ಸದಸ್ಯ: ನಾನು ಒಳ್ಳೇದಕ್ಕೆ ಹೇಳಿದ್ದು ಸಾರ್. ಗೊತ್ತಿಲ್ಲದೆ ಇರೋರೇ ಫಾರ್ವರ್ಡ್ ಮಾಡ್ತಾರಾ?

ಬೆಂಗಳೂರಿನ ಸದಸ್ಯ: ಹೌದು, ಗೊತ್ತಿಲ್ಲದವರೇ ಮಾಡೋದು.

ರಾಯಚೂರಿನ ಸದಸ್ಯ: ನಿಮ್ಮನ್ನು ಕೇಳಲಿಲ್ಲ.

ದಾವಣಗೆರೆಯ ಸದಸ್ಯ: ಕಾಂಬೋಗೆ ಮುಕ್ಕಾಲು ಗಂಟೆನಾ? ಕೂತು ಕಾಯಬಹುದಾ?

ರಿಪೇರಿಯವರು: ಕಾಯಬಹುದು.

ಉಡುಪಿಯ ಸದಸ್ಯೆ: ಮಳೆಯಲ್ಲಿ ನೆನೆದು ಡಿಸ್‌ಪ್ಲೇ ಮಂಜಾಗಿದೆ. ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎಷ್ಟು ದಿನ ಇಡಬೇಕು?

ರಿಪೇರಿಯವರು: ಅಕ್ಕಿಯಿಂದ ತೆಗೆಯಿರಿ. ಅಕ್ಕಿಯ ಪುಡಿ ಚಾರ್ಜಿಂಗ್ ತೂತಿಗೆ ಹೋಗುತ್ತೆ. ಅಕ್ಕಿಯಲ್ಲಿಡಬೇಡಿ ಅಂತ 2024ರಲ್ಲಿ ಆಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳಿದೆ. ಆಫ್ ಮಾಡಿ, ಸಿಮ್ ಟ್ರೇ ತೆಗೆದು, ತೂತು ಕೆಳಗೆ ಬರುವ ಹಾಗೆ ಗಾಳಿಗೆ ಇಡಿ. ನಾಳೆಯೇ ಬಿಚ್ಚಿಸಿ ಒಣಗಿಸಿ. ದಿನ ಹೋದಷ್ಟೂ ಒಳಗೆ ಕಿಲುಬು ಹಿಡಿಯುತ್ತೆ.

ಚಿಕ್ಕಮಗಳೂರಿನ ಸದಸ್ಯ: ಸ್ಕ್ರೀನ್ ಹಾಕೋಕೆ ಲಾಕ್ ಯಾಕೆ ಕೇಳ್ತಾರೆ? ಕೊಡಬೇಕಾ?

ರಿಪೇರಿಯವರು: ಟಚ್ ಪರೀಕ್ಷೆಗೆ. ಎದುರಿಗೇ ಇದ್ದರೆ ನೀವೇ ತೆರೆದು ತೋರಿಸಿ. ಬಿಟ್ಟು ಹೋಗುವುದಾದರೆ, ಸ್ಯಾಮ್‌ಸಂಗ್‌ನ ಹೊಸ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಇದೆ. ಅದು ಹಾಕಿದರೆ ನಿಮ್ಮ ಫೋಟೊ, ಮೆಸೇಜ್ ಕಾಣಲ್ಲ. ಟಚ್ ಹೋಗಿದ್ದರೆ ಚಾರ್ಜಿಂಗ್ ತೂತಿಗೆ ಓಟಿಜಿ ಅನ್ನುವ ಅಡಾಪ್ಟರ್ ಹಾಕಿ ಮೌಸ್ ಸಿಕ್ಕಿಸಿ ನೋಡಿ.

ಮಂಡ್ಯದ ಸದಸ್ಯ: ಸ್ಕ್ರೀನ್ ಹಾಕೋಕೆ ಎಷ್ಟು ಟೈಮ್ ಹಿಡಿಯುತ್ತೆ ಅಣ್ಣಾ?

ರಿಪೇರಿಯವರು: ಮೂರನೇ ಸಲ ಇದೇ ಪ್ರಶ್ನೆ. ಕೆಲಸ ಮುಕ್ಕಾಲರಿಂದ ಒಂದೂವರೆ ಗಂಟೆ, ಕಾಂಬೋ ಅಂಗಡಿಯಲ್ಲಿ ಇದ್ದರೆ. ಇಲ್ಲದಿದ್ದರೆ ತರಿಸಲು ದಿನಗಳು. ಅಂಟು ಹಾಕುವ ಮುಂಚೆ ಹೊಸ ಕಾಂಬೋ ಜೋಡಿಸಿ ಆನ್ ಮಾಡಿಸಿ ನೋಡಿ, ಮೂಲೆ ಮೂಲೆ ಒತ್ತಿ ನೋಡಿ. ಹಾಕಿದ ಮೇಲೆ ಒಂದೆರಡು ಗಂಟೆ ಕ್ಲಿಪ್ಪಿನಲ್ಲಿ ಬಿಡಿ, ಒಂದು ದಿನ ಪ್ಯಾಂಟಿನ ಜೇಬಿಗೆ ಹಾಕಬೇಡಿ. ಅರ್ಜೆಂಟು ಅಂತ ಒಣಗದ ಫೋನ್ ಕಿತ್ತುಕೊಂಡು ಹೋದವರೇ ವಾರದೊಳಗೆ ‘ಅಂಚು ಬಿಟ್ಟಿದೆ’ ಅಂತ ಬರುತ್ತಾರೆ.

ಮಂಡ್ಯದ ಸದಸ್ಯ: ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ಶಿರಸಿಯ ಸದಸ್ಯೆ: ಅಣ್ಣಾ, ಆಫ್ ಮಾಡಿ ಅಂಗಳದ ಕಟ್ಟೆ ಮೇಲೆ ಇಟ್ಟೆ. ತಣ್ಣಗಿದೆ. ವಾಸನೆ ಇಲ್ಲ. ನಾಳೆ ಪೇಟೆಗೆ ಬಸ್ಸಿನಲ್ಲಿ ತಗೊಂಡು ಹೋಗಲಾ?

ರಿಪೇರಿಯವರು: ತಣ್ಣಗಿದೆ ಅಂದಿದ್ದು ಕೇಳಿ ಸಮಾಧಾನ ಆಯಿತು. ಬಸ್ಸಿನಲ್ಲಿ ಬೇಡ. ಹತ್ತಿರದ ರಿಪೇರಿಯವರಿಗೆ ಫೋನ್ ಮಾಡಿ ‘ಬ್ಯಾಟರಿ ಉಬ್ಬಿದೆ’ ಅಂತಲೇ ಹೇಳಿ, ಮನೆಗೆ ಬರ್ತಾರಾ ಕೇಳಿ. ಬ್ಯಾಟರಿ ತೆಗೆಯುವುದು ಅರ್ಧ ಗಂಟೆ ಕೆಲಸ. ಫ್ರೇಮ್ ಬಾಗದೆ ಇದ್ದರೆ ಅದೇ ಪರದೆ ಮತ್ತೆ ಕೂರುತ್ತೆ, ಹೊಸದಕ್ಕೆ ದುಡ್ಡು ಕೊಡಬೇಡಿ. ಹಳೇ ಬ್ಯಾಟರಿ ಕಸದ ಬುಟ್ಟಿಗೆ ಹಾಕಬೇಡಿ, ಅವರ ಕೈಯಲ್ಲೇ ಕೊಟ್ಟು ಕಳಿಸಿ. ಮಗನಿಗೆ ಇವತ್ತು ಬೇರೆ ಕೋಣೆಯಲ್ಲಿ ಮಲಗೋಕೆ ಹೇಳಿ.

ಶಿರಸಿಯ ಸದಸ್ಯೆ: ನಾವೇ ಎಲ್ಲರೂ ಹಿಂದಿನ ಕೋಣೆಯಲ್ಲಿ ಮಲಗ್ತೀವಿ ಅಣ್ಣಾ.

ಹುಬ್ಬಳ್ಳಿಯ ಸದಸ್ಯ: ನನ್ನ ಮಡಚೋ ಫೋನಿಂದು ಏನೂ ಹೇಳಲಿಲ್ಲ ನೀವು.