ಅಪ್‌ಡೇಟ್: ಆಕಾಶದ ಪಟ್ಟೆ ಹೋಯ್ತು
ಹಂಪಿಯ ಮಾತಂಗ ಬೆಟ್ಟದಿಂದ ತೆಗೆದ 4×5 ಇಂಚಿನ ಫಿಲ್ಮ್ ಹಾಳೆಗಳ ನೆಗೆಟಿವ್‌ಗಳಲ್ಲಿ ಆಕಾಶ ಮಾತ್ರ ಪಟ್ಟೆಪಟ್ಟೆಯಾಗಿದೆ ಅಂತ ಹೋದ ತಿಂಗಳು ಕೇಳಿದ್ದೆನಲ್ಲ? ಕ್ಯಾಮೆರಾದ ಬೆಲ್ಲೋಸ್‌ನಲ್ಲಿ (ಲೆನ್ಸ್‌ಗೂ ಫಿಲ್ಮ್‌ಗೂ ನಡುವಿನ ಮಡಿಕೆ ಚೀಲ) ತೂತಿದೆ, ಅಲ್ಲಿಂದ ಬೆಳಕು ನುಗ್ತಿದೆ ಅಂದ್ಕೊಂಡಿದ್ದೆ. ಪಾಪ, ಅದರ ತಪ್ಪೇನಿಲ್ಲ. ನಲ್ಲಿ ನೀರು 28 ಡಿಗ್ರಿ ಇತ್ತು, ಬೆಚ್ಚಗಿದ್ರೆ ಫಿಲ್ಮ್ ಬೇಗ ಡೆವಲಪ್ ಆಗುತ್ತೆ, ಅದಕ್ಕೇ ಡೆವಲಪಿಂಗ್ ಸಮಯವನ್ನು ನಾಲ್ಕೂವರೆ ನಿಮಿಷಕ್ಕೆ ಇಳಿಸಿದ್ದೆ. ಅಷ್ಟು ಕಮ್ಮಿ ಹೊತ್ತಲ್ಲಿ ಹಾಳೆಯೆಲ್ಲ ಒಂದೇ ಸಮ ಡೆವಲಪ್ ಆಗೋದು ಕಷ್ಟ.

ನೀವು ಹೇಳಿದ ಹಾಗೆ ಡೆವಲಪಿಂಗ್ ಟ್ರೇಯನ್ನು ಐಸ್ ನೀರಿನ ಟಬ್‌ನಲ್ಲಿಟ್ಟು 20 ಡಿಗ್ರಿಗೆ ತಂದೆ. ಮೊದಲು ಬರೀ ನೀರಲ್ಲಿ ನೆನೆಸಿ, ಆಮೇಲೆ ಸಮಪಾಲು ನೀರು ಬೆರೆಸಿದ ಡಿ-76 ಡೆವಲಪರ್ ದ್ರಾವಣದಲ್ಲಿ ನನ್ನ ಎಚ್‌ಪಿ5 ಪ್ಲಸ್ ಫಿಲ್ಮ್‌ಗೆ 11 ನಿಮಿಷ. ಆಕಾಶ ಈಗ ಇಸ್ತ್ರಿ ಹಾಕಿದ ಹಾಗಿದೆ!

ಆದರೆ ಒಂದೇ ಟ್ರೇಗೆ ಹಲವು ಹಾಳೆ ಹಾಕಿದ್ದೆ; ಕತ್ತಲಲ್ಲಿ ಒಂದು ಹಾಳೆಯ ಮೂಲೆ ಇನ್ನೊಂದನ್ನು ತರಚಿ, ವಿರೂಪಾಕ್ಷ ಗೋಪುರದ ಮೇಲೇ ಗೀರು. ಮುಂದಿನ ಸಲ ಒಂದೊಂದೇ ಹಾಳೆ.