ಪದ ಬೇಕು: ನೀರು ಬಿಸಿಯಾಗುವುದನ್ನು ತೋರಿಸುವ ಗೆರೆಯಲ್ಲಿ ಅಡ್ಡಲಾಗಿ ಓಡುವ ಭಾಗಕ್ಕೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ನಾಳೆ ಬೆಳಿಗ್ಗೆ ಪ್ರಿಂಟಿಗೆ ಕೊಡಬೇಕು. ಮಂಜುಗಡ್ಡೆ ಕಾಯಿಸುತ್ತಾ ಹೋದರೆ ಉಷ್ಣಾಂಶದ ಗೆರೆ 0 ಡಿಗ್ರಿಯಲ್ಲೂ 100ರಲ್ಲೂ ಏರದೆ ನಿಲ್ಲುತ್ತದಲ್ಲ, ಆ ಭಾಗಕ್ಕೆ ಏನು ಬರೆಯಲಿ? 'ಪ್ರಸ್ಥಭೂಮಿ' ಅಂತ ಒಬ್ಬರು ಹೇಳಿದರು. ತಣಿಯುವ ಗೆರೆಗೆ 'ಹೆಪ್ಪುಗಟ್ಟುವ ಬಿಂದು' ಸರಿಯಾ?

ಉತ್ತರ:
ಪ್ರಸ್ಥಭೂಮಿ ಬೇಡವೇ ಬೇಡ. 'ಸಮತಟ್ಟು' ಅನ್ನಿ, ಸಾಕು.

ಹೆಪ್ಪುಗಟ್ಟು ಅನ್ನೋದನ್ನು ನಾನು ಒಪ್ಪಲಾರೆ. ಹೆಪ್ಪು ಎಂದರೆ ಹಾಲಿಗೆ ಹಾಕುವ ಮೊಸರು. ಹಾಲು ಗಟ್ಟಿಯಾಗುವುದು ಹುಳಿಯಿಂದ. ಆ ಮೊಸರನ್ನು ಕಾಯಿಸಿದರೆ ಮತ್ತೆ ಹಾಲಾಗುತ್ತದಾ? ಮಂಜುಗಡ್ಡೆ ಹಾಗಲ್ಲ. ಕರಗುವಾಗ ಗ್ರಾಮಿಗೆ 334 ಜೂಲ್ ಶಾಖ ಹೀರುತ್ತದೆ. ನೀರು ಗಡ್ಡೆಯಾಗುವಾಗ ಅಷ್ಟನ್ನೂ ಹೊರಗೆ ಬಿಡುತ್ತದೆ, ಅದೂ ಅದೇ 0 ಡಿಗ್ರಿಯಲ್ಲಿ. ಹೋಗುವ ದಾರಿಯೂ ಬರುವ ದಾರಿಯೂ ಒಂದೇ ಅನ್ನೋದನ್ನು ತೋರಿಸಲಿಕ್ಕೇ ಈ ಎರಡು ಗೆರೆ ಬರೆಯುವುದು. 'ಗಟ್ಟಿಯಾಗುವ ಬಿಂದು' ಎಂದು ಹಾಕಿ. 100ರ ಸಮತಟ್ಟನ್ನು ಜಾಸ್ತಿ ಉದ್ದ ಬರೆಸಿ. ಅಲ್ಲಿ ಗ್ರಾಮಿಗೆ ಸುಮಾರು 2260 ಜೂಲ್ ಬೇಕು, ಹೆಚ್ಚುಕಡಿಮೆ 7 ಪಟ್ಟು.

ಉಷ್ಣಾಂಶ ಏರಿಳಿಯದೆ ಹೀರುವ ಅಥವಾ ಬಿಡುವ ಈ ಶಾಖಕ್ಕೆ ಪಠ್ಯದಲ್ಲಿರುವ 'ಗುಪ್ತೋಷ್ಣ'ದ ಬದಲು 'ಅಡಗಿದ ಶಾಖ' ಬರೆಯಿರಿ.

ಮತ್ತೊಬ್ಬರು:
ಸುಮ್ನೆ ಗೊಂದಲ ಮಾಡಬೇಡಿ. ರಕ್ತವೂ ಹೆಪ್ಪುಗಟ್ಟುತ್ತದೆ, ಅದಕ್ಕೆ ಯಾರೂ ಮೊಸರು ಹಾಕುವುದಿಲ್ಲ. ಪರೀಕ್ಷೆಯಲ್ಲಿ ಮಕ್ಕಳು ಬರೆಯಬೇಕಾದ್ದು ಗುಪ್ತೋಷ್ಣ. ಡಿಗ್ರಿ, ಜೂಲ್ ಎಲ್ಲ ಇರಬಹುದು, ಸಂಸ್ಕೃತದ್ದು ಮಾತ್ರ ಹೊರಗೆ ಹೋಗಬೇಕು ಅನ್ನೋದು ಯಾವ ನ್ಯಾಯ?

ಉತ್ತರ:
ರಕ್ತದ ಹೆಪ್ಪನ್ನು ಕಾಯಿಸಿ ನೋಡಿ, ಅದೂ ಮತ್ತೆ ತೆಳುವಾಗುವುದಿಲ್ಲ. ನಾನು ಹೇಳಿದ್ದೂ ಅದೇ.

ಜೂಲ್ ಒಬ್ಬ ವಿಜ್ಞಾನಿಯ ಹೆಸರು, ಅದನ್ನು ಬದಲಿಸುವ ಮಾತೇ ಇಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲಿ ಈ ಶಾಖದ ಪಾಠ ಹೇಳುವಾಗ 'ಲೇಟೆಂಟ್' ಅಂದರು. ಅದು ಲ್ಯಾಟಿನ್ ಮೂಲದ್ದು, ಅರ್ಥ 'ಅಡಗಿದ'. ಆ ಅರ್ಥಕ್ಕೆ ನಮ್ಮಲ್ಲೇ ಮಾತು ಇರುವಾಗ ಸಾಲ ಯಾಕೆ? ಎಲ್ಲಾ ಸಂಸ್ಕೃತ ಪದ ತೆಗೆಯಿರಿ ಅಂತ ನಾನು ಹೇಳಿಲ್ಲ. 'ಬಿಂದು' ಇಟ್ಟುಕೊಂಡೇ ಇದ್ದೇನೆ. ಪರೀಕ್ಷೆಗೆ ಬೇಕೆಂದರೆ ಗುಪ್ತೋಷ್ಣ ಕೆಳಗೆ ಸಣ್ಣಕ್ಷರದಲ್ಲಿ ಇರಲಿ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಪ್ರದರ್ಶನದಲ್ಲಿ ಮಕ್ಕಳು ನೀರು ಕುದಿಸಿ ತೋರಿಸಿದರೆ ಥರ್ಮಾಮೀಟರ್ 98ರ ಹತ್ತಿರವೇ ನಿಲ್ಲುತ್ತದೆ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಅದಕ್ಕಿಂತ ಎತ್ತರದ ನಮ್ಮ ಚಿತ್ರದುರ್ಗದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಹಾಗಾಗಿ ಫ್ಲೆಕ್ಸಿನಲ್ಲಿ 100ರ ಪಕ್ಕ 'ಸಮುದ್ರಮಟ್ಟದಲ್ಲಿ' ಅಂತ ಸೇರಿಸಿ.